ಮೊರೆ ಹೋದವರು, ಮೊರೆ ಹೊಕ್ಕವರು

ತೂಕ ಇಳಿಸಲು ಹಾಗಲಕಾಯಿ ರಸದ ಮೊರೆ ಹೋದ ನಟ, ಬಿಸಿಲಿಗೆ ಬೆಂದು ಎಳನೀರಿನ ಮೊರೆ ಹೋದ ಜನ, ಪರೀಕ್ಷೆಗೆ ಯೂಟ್ಯೂಬ್ ಮೊರೆ ಹೋದ ಮಕ್ಕಳು. ತಲೆಬರಹ ಬರೆಯುವವರ ಕೈಗೆ ಸಿಕ್ಕ ಮೇಲೆ ಎಳನೀರಿಗೂ ದೇವರಿಗೂ ಒಂದೇ ಕ್ರಿಯಾಪದ. ಬೇಸತ್ತ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಸಭೆಯಲ್ಲಿ ಪಾಸ್ಟರು ಐಗುಪ್ತದ ಮೊರೆ ಹೋಗಬೇಡಿ ಅಂದರು. ಮೊರೆ ದೇವರೊಬ್ಬನಿಗೇ ಸಲ್ಲಬೇಕಲ್ಲವೆ?’

ಸ್ವಾಮಿ, ಮೊರೆಯನ್ನು ಬಿಡಿ, ನನ್ನ ತಕರಾರು ‘ಹೋಗು’ವಿನ ಮೇಲೆ. ವ್ಯುತ್ಪತ್ತಿ ಬೇಕಾದವರಿಗೆ 1894ರ ಕಿಟ್ಟೆಲ್ ಕೋಶವಿದೆ. ನನಗೆ ನನ್ನದೇ ವಾದವಿದೆ. ಹಳಗನ್ನಡದ ‘ಮಱೆವೊಗು’ ಅಂದರೆ ಒಬ್ಬರ ಮರೆಯನ್ನು ಹೊಗುವುದು, ಒಳಸೇರುವುದು. ಮರೆಗೆ ಮೊರೆ ಬೆರೆಯಿತು, ಹೊಗುವುದು ಸವೆದು ಹೋಗುವುದಾಯಿತು. ಒಂದು ದೀರ್ಘ ಬಂದ ಕೂಡಲೇ ನಂಬಿಕೆಯೆಲ್ಲ ಓಡಾಟವಾಯಿತು. ಹೋದವನು ಸಂಜೆಗೆ ವಾಪಸು ಬರುತ್ತಾನೆ, ಹೊಕ್ಕವನು ಅಲ್ಲೇ ಉಳಿಯುತ್ತಾನೆ. ಪಂಡಿತರು ಒಪ್ಪದಿದ್ದರೆ ಬೇಡ, ಯೆಹೂದದ ಅರಸ ಹಿಜ್ಕೀಯನ ಕಥೆ ಒಪ್ಪುತ್ತದೆ.

ಅಶ್ಶೂರದ ದಂಡಿಗೆ ಹೆದರಿ ಯೆಹೂದದವರು ನೆರವು ಕೇಳಲು ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೋದರು. ಕತ್ತೆ, ಒಂಟೆಗಳ ಮೇಲೆ ಹೊನ್ನು ಹೇರಿಕೊಂಡು, ಸಿಂಹ ಸರ್ಪಗಳಿರುವ ಸೀಮೆ ದಾಟಿ ಹೋದರೆಂದು ಪ್ರವಾದಿ ಯೆಶಾಯ ಅಣಕಿಸುತ್ತಾನೆ. ಅವನ ಸಿಟ್ಟಿಗೆ ಕಾರಣ, ಹೊರಡುವ ಮುಂಚೆ ದೇವರನ್ನು ಒಂದು ಮಾತೂ ಕೇಳಲಿಲ್ಲ ಎಂಬುದು. ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬನ ದೂತ ಯೆರೂಸಲೇಮಿನ ಗೋಡೆಯ ಕೆಳಗೆ ನಿಂತು ಗಂಟಲು ಬಿಚ್ಚಿದ. ಅಧಿಕಾರಿಗಳು ‘ಅರಾಮ್ಯದಲ್ಲಿ ಮಾತಾಡಪ್ಪ, ನಮಗೆ ತಿಳಿಯುತ್ತದೆ’ ಎಂದು ಗೋಗರೆದರು; ಗೋಡೆಯ ಮೇಲಿದ್ದ ಜನಕ್ಕೆ ಅರ್ಥವಾಗದಿರಲಿ ಎಂಬ ಆಸೆ. ಆಸಾಮಿ ಬೇಕೆಂದೇ ಊರ ಭಾಷೆಯಲ್ಲೇ ಕೂಗಿದ. ಬಂದ ರಾಜ್ಯದ ಭಾಷೆ ಕಲಿತ ಅಧಿಕಾರಿ ಅಂದರೆ ಶತ್ರುವಾದರೂ ನನಗೆ ಗೌರವವೇ.

ಅವನ ಬಾಯಿಂದ ಬಂದ ಗಾದೆಯಂಥ ಮಾತು ನೋಡಿ: ಐಗುಪ್ತ ಮುರಿದ ಜೊಂಡಿನ ಕೋಲು, ಊರಿದವನ ಅಂಗೈಗೇ ಚುಚ್ಚುತ್ತದೆ. ನೈಲ್ ದಂಡೆಯ ಗಿಡವನ್ನೇ ಕಿತ್ತು ನೈಲ್ ದೇಶಕ್ಕೆ ಹೊಡೆದ! ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತೇವೆ ನಾವು, ಕಡ್ಡಿಯಿಂದ ಲಾಭವಿಲ್ಲದಿದ್ದರೂ ನಷ್ಟವೇನು ಎಂಬ ಧಾರಾಳದಲ್ಲಿ. ಜೊಂಡಿನ ಗಾದೆಗೆ ಆ ಧಾರಾಳವಿಲ್ಲ. ದೂರದಿಂದ ಅದು ಕೋಲಿನಂತೆಯೇ ಕಾಣುತ್ತದೆ, ಸುಮ್ಮನೆ ಹಿಡಿದಿದ್ದರೆ ನಿಲ್ಲುತ್ತದೆ ಕೂಡ. ಮೈಭಾರವನ್ನೆಲ್ಲ ಬಿಟ್ಟ ಕ್ಷಣ ಸೀಳುತ್ತದೆ. ಸುಳ್ಳು ಆಸರೆಯ ಗುಣವೇ ಅದು, ಕಷ್ಟ ಬರುವವರೆಗೂ ಚೆನ್ನಾಗಿರುತ್ತದೆ. ಮುಂದೆ ಪ್ರವಾದಿ ಯೆಹೆಜ್ಕೇಲನೂ ಐಗುಪ್ತಕ್ಕೆ ಇದೇ ಜೊಂಡಿನಿಂದ ಬಾರಿಸಿದ. ಆದರೆ ದೂತ ಅಷ್ಟಕ್ಕೇ ನಿಲ್ಲಿಸದೆ ನಿಮ್ಮ ದೇವರನ್ನೂ ನಂಬಬೇಡಿ ಅಂದ. ಅಲ್ಲಿ ಎಡವಿದ.

ಸನ್ಹೇರೀಬನ ಬೆದರಿಕೆಯ ಪತ್ರ ಕೈಸೇರಿದಾಗ ಹಿಜ್ಕೀಯ ಎಲ್ಲಿಗೂ ಆಳು ಓಡಿಸಲಿಲ್ಲ. ದೇವಾಲಯ ಹೊಕ್ಕು, ಪತ್ರವನ್ನು ದೇವರ ಮುಂದೆ ಹರಡಿ ಕೂತ. ಹೊಕ್ಕ! ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ಡಾಕ್ಟರ ಹತ್ತಿರವೂ ಹೋಗಬಾರದೆ ಎಂದು ಇನ್ನೊಂದು ಪತ್ರ ಹಾಕಬೇಡಿ. ಅದೇ ಹಿಜ್ಕೀಯನಿಗೆ ಹುಣ್ಣಾದಾಗ ಅಂಜೂರದ ಮುದ್ದೆ ಹಚ್ಚಿಸಿದವನು ಅದೇ ಯೆಶಾಯ. ಮದ್ದಿಗೆ ಹೋಗಿ, ಕೋರ್ಟಿಗೆ ಹೋಗಿ, ಬೇಕಾದರೆ ಐಗುಪ್ತಕ್ಕೂ ಕೇಳಿಕೊಂಡು ಹೋಗಿ. ಹೊಗುವುದು ಮಾತ್ರ ನಿಮ್ಮನ್ನು ಪೂರ್ತಿ ಮರೆಮಾಡಬಲ್ಲವನ ಹಿಂದೆ ಇರಲಿ. ಅಂಜೂರದ ಮುದ್ದೆಯ ಹಿಂದೆ ಯಾರೂ ಅಡಗಿಕೊಳ್ಳಲಾರರು.