ವನವಾಸಿಯ ಎರಡು ವರ್ಣನೆಗಳು

ಮಹಾಕಾವ್ಯದಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ ಮೊದಲಾದವುಗಳ ವರ್ಣನೆ ಇರತಕ್ಕದ್ದೆಂದು ದಂಡಿಯು ಕಾವ್ಯಾದರ್ಶದ ಪ್ರಥಮ ಪರಿಚ್ಛೇದದಲ್ಲಿ ವಿಧಿಸಿರುವನು. ಅಷ್ಟಾದಶವರ್ಣನೆಗಳೆಂದು ಹೆಸರಾದ ಇವುಗಳಿಂದ ಕವಿಗಳಿಗೆ ಸೌಕರ್ಯದೊಡನೆ ಅಪಾಯವೂ ಒದಗಿತು. ಮಾವು, ಮಲ್ಲಿಗೆ, ಕೋಗಿಲೆ, ತುಂಬಿಗಳನ್ನು ಒಂದೆಡೆ ಕೂಡಿಸಿದರೆ ಯಾವ ಊರಿನ ಉಪವನವಾದರೂ ಸಿದ್ಧವಾಗುವುದು. ಅದು ಯಾವ ಊರೆಂಬುದು ಮಾತ್ರ ತಿಳಿಯದು. ಇಂತಹ ಸಿದ್ಧಸಾಮಗ್ರಿಯಿಂದಲೇ ಒಂದು ನಿಜವಾದ ಸ್ಥಳವು ಓದುಗನ ಕಣ್ಣೆದುರು ಮೂಡುವ ಬಗೆಯನ್ನು ವನವಾಸಿಯ, ಎಂದರೆ ಇಂದಿನ ಬನವಾಸಿಯ, ಎರಡು ವರ್ಣನೆಗಳಲ್ಲಿ ಕಾಣಬಹುದು.

ಮೊದಲನೆಯದು ಐಹೊಳೆಯ ಮೇಗುತಿ ಜಿನಾಲಯದ ಶಾಸನದಲ್ಲಿದೆ. ಅದರ ಕಾಲ ಶಕ 556, ಎಂದರೆ ಕ್ರಿ.ಶ. 634, ಕವಿ ರವಿಕೀರ್ತಿ. ಇಮ್ಮಡಿ ಪುಲಕೇಶಿಯು ಕದಂಬರ ರಾಜಧಾನಿಯನ್ನು ಮುತ್ತಿದ ಸಂದರ್ಭ. ವರದಾನದಿಯ ತೆರೆಗಳ ಮೇಲಾಡುವ ಹಂಸಗಳ ಸಾಲೇ ಆ ನಗರಿಗೆ ಒಡ್ಯಾಣ. ಸೈನ್ಯಸಾಗರವು ಸುತ್ತಲೂ ಆವರಿಸಲಾಗಿ ಅಲ್ಲಿಯ ನೆಲದ ಕೋಟೆಯು ಜಲದುರ್ಗದಂತೆ ಕಾಣಿಸಿತೆಂದು ಕವಿಯ ಕಲ್ಪನೆ. ಹಂಸವೂ ಒಡ್ಯಾಣವೂ ಕವಿಸಮಯಸಿದ್ಧವಾದುವು. ಆದರೆ ಬನವಾಸಿಯನ್ನು ವರದೆಯು ಬಳಸಿ ಹರಿಯುವುದು ಪ್ರತ್ಯಕ್ಷ. ನದಿಯ ಬಳಸು ಮತ್ತು ಸೇನೆಯ ಮುತ್ತಿಗೆ, ಇವೆರಡರ ಸಾಮ್ಯದಿಂದ ಆ ಶ್ಲೋಕಕ್ಕೆ ಜೀವ ಬಂದಿದೆ. ಅಲ್ಲಿ ನಗರವನ್ನು ನೋಡುವ ಕಣ್ಣು ಹೊರಗೆ ಪಾಳೆಯ ಬಿಟ್ಟಿರುವ ವಿಜಿಗೀಷುವಿನದು.

ಎರಡನೆಯದು ಕ್ರಿ.ಶ. 941ರ ಪಂಪನ ವಿಕ್ರಮಾರ್ಜುನವಿಜಯದ ಚತುರ್ಥಾಶ್ವಾಸದಲ್ಲಿದೆ. ವ್ಯಾಸಭಾರತದ ಆದಿಪರ್ವದಲ್ಲಿ ಅರ್ಜುನನು ಗೋಕರ್ಣಕ್ಕೆ ಬಂದನೆಂಬಷ್ಟೇ ಉಂಟು, ವನವಾಸಿಯ ಪ್ರಸ್ತಾಪವಿಲ್ಲ. ಅದನ್ನು ಕಥೆಯೊಳಕ್ಕೆ ತಂದವನು ಪಂಪ. ಅವನ ಸಾಮಗ್ರಿಯೂ ಹಳೆಯದೇ: ಮಾಮರ, ಎಲೆವಳ್ಳಿ, ಸಂಪಗೆ, ಕೋಗಿಲೆ, ತುಂಬಿ. ಆದರೆ ಪಟ್ಟಿ ಮುಗಿದೊಡನೆ ಕವಿಯು ಕ್ರಮವನ್ನು ತಿರುಗಿಸುವನು. ನಾಡಿನಲ್ಲಿ ಏನೇನಿದೆಯೆಂದು ಹೇಳುವುದನ್ನು ಬಿಟ್ಟು, ತೆಂಕಣ ಗಾಳಿ ಮೈಗೆ ತಗುಲಿದಾಗ, ಇಂಪಾದ ಹಾಡು ಕಿವಿಗೆ ಬಿದ್ದಾಗ, ಅರಳಿದ ಮಲ್ಲಿಗೆ ಕಣ್ಣಿಗೆ ಕಂಡಾಗ ಮನಸ್ಸು ಆ ನಾಡಿನತ್ತಲೇ ಓಡುವುದೆಂದು ಹೇಳುವನು. ಗಾಳಿಯೂ ಮಲ್ಲಿಗೆಯೂ ಎಲ್ಲೆಡೆ ಉಂಟು. ಅವು ನೆನಪಿಸುವ ನಾಡು ಒಂದೇ. ಹೀಗೆ ಸಾಮಾನ್ಯವಸ್ತುವೇ ವಿಶೇಷಸ್ಥಳದ ಗುರುತಾಗಿ ಪರಿಣಮಿಸಿದೆ.

ಇಲ್ಲೊಂದು ತೊಡಕುಂಟು. ಅರ್ಜುನನು ಆಗತಾನೆ ಆ ನಾಡನ್ನು ಹೊಕ್ಕವನು. ಮಾತಾದರೋ ಅದನ್ನು ಬಿಟ್ಟು ದೂರವಿರುವವನದು. ಆದುದರಿಂದ ಈ ದನಿ ಕವಿಯದೇ ಎಂದು ವಿದ್ವಾಂಸರು ಗ್ರಹಿಸಿರುವುದು ಯುಕ್ತವಾಗಿದೆ. ಆದರೆ ಇದರಿಂದ ಪಂಪನ ಜನ್ಮಸ್ಥಳವನ್ನು ನಿರ್ಣಯಿಸಲಾಗದು. ಅವನ ತಮ್ಮ ಜಿನವಲ್ಲಭನು ಕುರ್ಕ್ಯಾಲದಲ್ಲಿ ಬರೆಯಿಸಿದ ಶಾಸನವು ಪಿತೃವಂಶವನ್ನು ವೆಂಗಿನಾಡಿನ ವಂಗಿಪರ್ರಿಗೂ ತಾಯಿಯ ಕಡೆಯ ಸಂಬಂಧವನ್ನು ಬೆಳ್ವೊಲದ ಅಣ್ಣಿಗೆರೆಗೂ ಸೇರಿಸುತ್ತದೆ. ವಂಶಕ್ಕೆ ಶಾಸನವು ಪ್ರಮಾಣ, ಪ್ರೀತಿಗೆ ಪದ್ಯವು ಪ್ರಮಾಣ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲಾಗದು.

ರವಿಕೀರ್ತಿಯ ವನವಾಸಿ ಗೆಲ್ಲಬೇಕಾದ ನಗರ; ಪಂಪನ ವನವಾಸಿ ಮರೆಯಲಾಗದ ನಾಡು. ವರ್ಣ್ಯವಸ್ತುಗಳ ಸಂಖ್ಯೆಯನ್ನು ಲಕ್ಷಣಕಾರರು ಎಣಿಸಿಕೊಟ್ಟರು. ನೋಡುವವನು ಎಲ್ಲಿ ನಿಂತಿರುವನು, ಏನನ್ನು ಬಯಸುವನು ಎಂಬುದು ಮಾತ್ರ ಆ ಎಣಿಕೆಗೆ ಸೇರಲಿಲ್ಲ. ಈ ಎರಡು ವರ್ಣನೆಗಳ ಸಾರವೆಲ್ಲ ಅದರಲ್ಲಿಯೇ ಅಡಗಿದೆ.