ಕೋವಿಯ ಬಾರು: ಸೂಕ್ ವಾಕಿಫಿನಿಂದ ಕೊಡಗಿನವರೆಗೆ

ಕತಾರಿನ ರಾಜಧಾನಿ ದೋಹಾದ ಸೂಕ್ ವಾಕಿಫ್ ಎಂದರೆ ‘ನಿಂತ ಪೇಟೆ’. ಮುಶೈರಿಬ್ ಹಳ್ಳದ ದಡದಲ್ಲಿ ವರ್ತಕರು ನಿಂತುಕೊಂಡೇ ವ್ಯಾಪಾರ ಮಾಡುತ್ತಿದ್ದುದರಿಂದ ಈ ಹೆಸರು ಬಂದಿತೆನ್ನುವರು. 2003ರ ಬೆಂಕಿಯ ತರುವಾಯ ಹಳೆಯ ಮಾದರಿಯಲ್ಲೇ ಮರುನಿರ್ಮಾಣಗೊಂಡ ಈ ಪೇಟೆಯಲ್ಲಿ ಇಂದು ತೊಗಲಿನ ಕೆಲಸವನ್ನು ನೋಡಬಯಸುವವರು ಗಿಡುಗದ ಅಂಗಡಿಗಳಿಗೆ ಹೋಗಬೇಕು. ಹಕ್ಕಿಯ ಕಣ್ಣು ಮುಚ್ಚುವ ಕುಲಾವಿ, ಕೈಗವಸು, ಕಾಲಿನ ಬಾರು ಅಲ್ಲಿ ದೊರೆಯುತ್ತವೆ. ಒಂದು ಕಾಲಕ್ಕೆ ಈ ನಾಡಿನ ಪುರುಷರ ಹೆಗಲಿನಲ್ಲಿ ಕೋವಿಯ ಬಾರೂ ಇತ್ತು. (ಕನ್ನಡದಲ್ಲಿ ಕೋವಿಗೆ ತುಂಬುವ ಮದ್ದೂ ಬಾರೇ, ಅದನ್ನು ಹೊರುವ ಪಟ್ಟಿಯೂ ಬಾರೇ!)

1893ರ ಮಾರ್ಚ್ ತಿಂಗಳಲ್ಲಿ ವಜ್ಬಾ ಎಂಬಲ್ಲಿ ಶೇಖ್ ಜಾಸಿಮ್ ಬಿನ್ ಮುಹಮ್ಮದ್ ಅಲ್ ಥಾನಿಯವರ ಪಡೆ ತುರ್ಕರನ್ನು ಹಿಮ್ಮೆಟ್ಟಿಸಿತು. ಆಗ ಕೊಲ್ಲಿಯ ಕೋವಿ ವ್ಯಾಪಾರಕ್ಕೆ ಮಸ್ಕತ್ ಕೇಂದ್ರವಾಗಿದ್ದು, ಮಾರ್ಟಿನಿ-ಹೆನ್ರಿ ಕೋವಿಗಳು ದೋಣಿಗಳಲ್ಲಿ ಸಾಗುತ್ತಿದ್ದವು. 1912ರಲ್ಲಿ ಬ್ರಿಟಿಷರ ಒತ್ತಾಯದಿಂದ ಅಲ್ಲಿ ಸರಕಾರಿ ಆಯುಧ ಉಗ್ರಾಣ ಏರ್ಪಟ್ಟಿತು. 1916ರ ನವೆಂಬರ್ 3ರ ಒಪ್ಪಂದದಲ್ಲಿ ಶೇಖ್ ಅಬ್ದುಲ್ಲಾ ಬಿನ್ ಜಾಸಿಮ್ ಅವರು ಆಯುಧ ವ್ಯಾಪಾರವನ್ನು ನಿಷೇಧಿಸಲೊಪ್ಪಿದರು. ತಮಗೂ ಪರಿವಾರಕ್ಕೂ ಬೇಕಾದುದನ್ನು ಮಾತ್ರ ಆ ಉಗ್ರಾಣದಿಂದ ಕೊಳ್ಳಬಹುದಾಗಿತ್ತು. ಕೋವಿ ಹೀಗೆ ಕಾಗದಕ್ಕೇರಿತು. ಬಾರನ್ನು ಯಾವ ಒಪ್ಪಂದವೂ ಹೆಸರಿಸಲಿಲ್ಲ.

ಆದರೆ ಬಾರಿಲ್ಲದ ಕೋವಿ ದೂರದ ದಾರಿಗೆ ಹೊರೆಯೇ ಸರಿ. ಕೊಳ್ಳುವವನು ಅದನ್ನು ಬಾಗಿಸಿ ನೋಡಬೇಕು; ಮೇಲ್ಮೈ ಬಿರಿದರೆ ಒಣಗಿದ ಸರಕೆಂದು ತಿಳಿಯಬೇಕು. ಪಶುವಿನ ಬೆನ್ನಿನ ತೊಗಲು ಗಟ್ಟಿ, ಹೊಟ್ಟೆಯದು ಬೇಗ ಹಿಗ್ಗುತ್ತದೆ. ಹೊಸ ಬಾರು ಬಿರುಸಾಗಿರುತ್ತದೆ. ಎಣ್ಣೆಯನ್ನು ತೆಳುವಾಗಿ ಸವರಿ, ಕೈಯಲ್ಲಿ ತೀಡಿ, ನೆರಳಿನಲ್ಲಿ ಬಿಟ್ಟು, ಮರುದಿನ ಮತ್ತೆ ಸವರಬೇಕು. ಆತುರದಿಂದ ಎಣ್ಣೆಯಲ್ಲಿ ನೆನೆಸಿದರೆ ಸಡಿಲಗೊಂಡು ಉದ್ದವಾಗುತ್ತದೆ, ಬಿಸಿಲಿಗಿಟ್ಟರೆ ಸೀಳುತ್ತದೆ. ಹಿತ್ತಾಳೆಯ ಕೊಂಡಿ ತಗಲುವೆಡೆ ಹಸಿರು ಕಿಲುಬು ಕಟ್ಟುವುದರಿಂದ ಆಗಾಗ ಒರೆಸಬೇಕು. ಕಟ್ಟುವಾಗ ಅಳತೆಗೆ ಹೆಗಲೇ ಪ್ರಮಾಣ: ಉದ್ದವಾದರೆ ಕೋವಿಯ ಹಿಡಿ ನಡೆವಾಗ ಬಡಿಯುವುದು, ಗಿಡ್ಡವಾದರೆ ಬೇಗ ಇಳಿಸಲಾಗದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಸೈನ್ಯ ನೇಯ್ದ ಪಟ್ಟಿಗೆ ಬದಲಾಯಿಸಿತು. ಅಮೆರಿಕನ್ನರು 1907ರ ಮಾದರಿಯ ತೊಗಲಿನ ಬಾರನ್ನು ತೋಳಿಗೆ ಬಿಗಿದು ಗುರಿಯನ್ನು ಸ್ಥಿರಗೊಳಿಸುತ್ತಿದ್ದರು.

ಕನ್ನಡಿಗರಿಗೆ ಇಲ್ಲೊಂದು ನಂಟುಂಟು. ಅರಬರು ತೊಗಲು ಹದಮಾಡಲು ಬಳಸುತ್ತಿದ್ದ ‘ಕರಜ್’ ನಮ್ಮ ಕರಿಜಾಲಿಯ ಕಾಯಿಯೇ. ಅಥಣಿ, ನಿಪ್ಪಾಣಿಗಳ ಚಪ್ಪಲಿಯ ತೊಗಲಿಗೂ ಜಾಲಿಯ ತೊಗಟೆ, ಅಳಲೆಕಾಯಿಗಳೇ ಆಧಾರ. ಇತ್ತ ಕೊಡಗಿನಲ್ಲಿ 1861ರಲ್ಲಿ ದೊರೆತ ಆಯುಧ ವಿನಾಯಿತಿ ಇಂದಿಗೂ ಮುಂದುವರಿದಿದ್ದು, ಕೈಲ್‌ಪೊಳ್ದಿನಂದು ತೋಕ್‌ಪೂ ಮುಡಿಸಿ ಕೋವಿಯನ್ನು ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು.

ಕೋವಿಗೆ ಪೂಜೆಯುಂಟು, ಬಾರು ಹೊಲಿದವನಿಗೆ ಮನೆಯೊಳಗೆ ಪ್ರವೇಶವಿರಲಿಲ್ಲ. ಸಮಗಾರ ಹರಳಯ್ಯನವರ ಹೆಸರನ್ನು ಶರಣರು ಉಳಿಸಿದರು. ಆ ಬಳಿಕದ ಎಂಟು ನೂರು ವರ್ಷಗಳ ಕುಶಲಕರ್ಮಿಗಳ ಹೆಸರುಗಳು ಹೆಚ್ಚುಕಡಿಮೆ ಅಳಿದುಹೋಗಿವೆ. ಕೊಲ್ಲಿಯ ಕೋವಿಗಳ ಕಾಗದಪತ್ರಗಳು ಲಂಡನ್ನಿನ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಭದ್ರವಾಗಿವೆ. ಮನೆಯ ಅಟ್ಟದಲ್ಲಿ ಅಜ್ಜನ ಕೋವಿಯ ಬಾರನ್ನು ಉಳಿಸಿಕೊಂಡಿರುವ ಬಾಂಧವರು, ಅದನ್ನು ಹೊಲಿದವರ ಹೆಸರು, ಊರುಗಳನ್ನು ಹಿರಿಯರಿಂದ ಕೇಳಿ ಬರೆದಿಡುವರೆಂದು ಆಶಿಸುತ್ತೇನೆ. ಅಜ್ಜಂದಿರಿಗಿಂತ ಅಜ್ಜಿಯಂದಿರಿಗೇ ಅದು ನೆನಪಿರುವ ಸಂಭವ ಹೆಚ್ಚು.