ಕಾರಡ್ಕದ ಮುರಕಲ್ಲಿನ ಹಟ್ಟಿ: ಗೊಬ್ಬರದ ಮನೆಯ ಚರಿತ್ರೆ

ಸ್ಮರಣ ಸಂಚಿಕೆಗಳಲ್ಲಿ ಶಾಲೆ, ದೇವಸ್ಥಾನ, ಸಹಕಾರಿ ಸಂಘಗಳ ಚರಿತ್ರೆ ಬರುವುದು ವಾಡಿಕೆ. ಅವುಗಳಿಗೆ ಸ್ಥಾಪಕರಿದ್ದಾರೆ, ಶಿಲಾನ್ಯಾಸದ ತಾರೀಕಿದೆ, ಗೋಡೆಯಲ್ಲಿ ಅಧ್ಯಕ್ಷರ ಫೋಟೋಗಳ ಸಾಲಿದೆ. ದನ ಕಟ್ಟುವ ಹಟ್ಟಿಗೆ ಇದೊಂದೂ ಇಲ್ಲ. ಆದರೂ ಕಾಸರಗೋಡಿನ ಕಾರಡ್ಕ, ಮುಳ್ಳೇರಿಯ, ಆದೂರು ಸುತ್ತಿನ ಅಡಕೆ ತೋಟಗಳು ತಲೆಮಾರುಗಟ್ಟಲೆ ಫಲ ಕೊಟ್ಟದ್ದು ಹಟ್ಟಿಯ ಬಲದಿಂದ. ಗುಡ್ಡ, ದನ, ಆಳು, ತೋಟ ಈ ನಾಲ್ಕನ್ನೂ ಒಂದೇ ಕಟ್ಟುಪಾಡಿಗೆ ಒಳಪಡಿಸಿದ ಹಟ್ಟಿಯನ್ನು ಸಂಸ್ಥೆ ಎಂದು ಕರೆಯಲು ಅಡ್ಡಿಯಿಲ್ಲ.

ಕಲ್ಲು

ಕಾರಡ್ಕದ ನೆಲ ಮುರಕಲ್ಲಿನದು. ಮಣ್ಣಿನಡಿ ಇರುವಷ್ಟು ಕಾಲ ಈ ಕೆಂಪುಕಲ್ಲು ಮೆದು. ಕಡಿದು ಮೇಲೆ ತೆಗೆದು ಗಾಳಿ ಬಿಸಿಲಿಗೆ ಬಿಟ್ಟರೆ ಅದರೊಳಗಿನ ಕಬ್ಬಿಣದ ಅಂಶ ಬಿಗಿದು ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಲ್ಯಾಟರೈಟ್ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಯಿಸಿದ. ನಮ್ಮವರು ಅದನ್ನು ಎರಡು ರೀತಿಯಲ್ಲಿ ದುಡಿಸಿಕೊಂಡರು. ಗುಡ್ಡಕ್ಕೆ ಅಡ್ಡವಾಗಿ ಕೊರೆದು ನೀರು ಹರಿಸಿದರೆ ಅದು ಸುರಂಗ. ಚೌಕವಾಗಿ ಕಡಿದು ಮೇಲೆತ್ತಿದರೆ ಗೋಡೆಯ ಕಲ್ಲು.

ಮನೆಯ ಗೋಡೆಗೆ ಗಾರೆ, ಸುಣ್ಣ ಕಂಡೀತು. ಹಟ್ಟಿಯ ಕಲ್ಲುಗಳನ್ನು ಹೆಚ್ಚಾಗಿ ಮಣ್ಣಿನಲ್ಲೇ ಕೂರಿಸುತ್ತಿದ್ದರು. ಗೋಡೆಯನ್ನು ಮಾಡಿನವರೆಗೆ ಮುಚ್ಚಿ ಕಟ್ಟುವ ರೂಢಿಯೂ ಇರಲಿಲ್ಲ. ಅರ್ಧ ಎತ್ತರಕ್ಕೆ ಕಲ್ಲು, ಅಲ್ಲಿಂದ ಮೇಲೆ ಮರದ ತಡೆ. ಪೂರ್ತಿ ಕಟ್ಟಿದ ಕಡೆ ಕಲ್ಲುಗಳ ನಡುವೆ ಗಾಳಿಕಿಂಡಿ. ಸೆಗಣಿ, ಗಂಜಲದ ಘಾಟು ಹೊರಹೋಗದಿದ್ದರೆ ದನದ ಕಣ್ಣು, ಉಸಿರು ಎರಡೂ ಕೆಡುತ್ತವೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಗಾಳಿ ಬೇಕು, ಇರಚಲು ಬೇಡ. ಅದಕ್ಕಾಗಿಯೇ ಮಾಡಿನ ಅಂಚನ್ನು ಗೋಡೆಯಿಂದ ದೂರಕ್ಕೆ ಚಾಚಿ ತಗ್ಗಿಸುತ್ತಿದ್ದರು.

ನೆಲ

ಹಟ್ಟಿಯೆಂದರೆ ಹಾಲು ಎಂದುಕೊಂಡವರಿಗೆ ಹಳೆಯ ಹಟ್ಟಿಯ ನೆಲ ಅರ್ಥವಾಗಲಾರದು. ಆ ಕಾಲದ ಗಿಡ್ಡ ದನಗಳು ಕೊಡುತ್ತಿದ್ದುದು ಹೊತ್ತಿಗೆ ಕುಡ್ತೆಯ ಲೆಕ್ಕದ ಹಾಲು. ಅಷ್ಟಕ್ಕಾಗಿ ಯಾರೂ ಹತ್ತಾರು ದನ ಕಟ್ಟುತ್ತಿರಲಿಲ್ಲ. ಹೂಡಲು ಎತ್ತು ಬೇಕಿತ್ತು. ಅದಕ್ಕಿಂತ ಮುಖ್ಯವಾಗಿ ತೋಟಕ್ಕೆ ಗೊಬ್ಬರ ಬೇಕಿತ್ತು. ಸೊಪ್ಪಿನ ಹಟ್ಟಿಯ ನೆಲವನ್ನು ತಗ್ಗಾಗಿ, ಗುಂಡಿಯಂತೆ ಬಿಡುತ್ತಿದ್ದರು. ಗುಡ್ಡದಿಂದ ತಂದ ಹಸಿ ಸೊಪ್ಪನ್ನೋ ಬೇಸಿಗೆಯ ತರಗೆಲೆಯನ್ನೋ ದಿನವೂ ಹಾಸುವುದು. ರಾತ್ರಿಯಿಡೀ ದನ ಅದರ ಮೇಲೆ ಮಲಗಿ, ತುಳಿದು, ಸೆಗಣಿ ಗಂಜಲದಲ್ಲಿ ನೆನೆಸುವುದು. ಮರುದಿನ ಮತ್ತೊಂದು ಹಾಸು. ಪದರದ ಮೇಲೆ ಪದರ ಬಿದ್ದು ನೆಲ ಏರುತ್ತಾ ಹೋಗುತ್ತಿತ್ತು, ಜೊತೆಗೆ ದನವೂ ಏರುತ್ತಿತ್ತು. ಗುಂಡಿ ತುಂಬಿದ ಮೇಲೆ ಕಡಿದು ತೆಗೆದು, ಕುಕ್ಕೆಯಲ್ಲಿ ಹೊತ್ತು, ಅಡಕೆಯ ಬುಡಕ್ಕೆ ಹಾಕುವುದು.

ಇಳಿಜಾರಿನಲ್ಲಿ ಮನೆಯ ಕೆಳಗೆ, ತೋಟದ ಮೇಲೆ ಹಟ್ಟಿಯ ಜಾಗ ಗುರುತಿಸುತ್ತಿದ್ದುದಕ್ಕೆ ಕಾರಣ ಇಷ್ಟೇ: ಸೊಪ್ಪಿನ ಹೊರೆ ಮೇಲಿನಿಂದ ಇಳಿಯಬೇಕು, ಗೊಬ್ಬರದ ಕುಕ್ಕೆ ಕೆಳಕ್ಕೆ ಹೋಗಬೇಕು, ಭಾರ ಹೊತ್ತವರು ಏರು ಹತ್ತುವಂತಾಗಬಾರದು. ಮೇಲಿನ ಅಟ್ಟದಲ್ಲಿ ಬೈಹುಲ್ಲು, ಮೂಲೆಯಲ್ಲಿ ಅಕ್ಕಚ್ಚಿನ ಮರಿಗೆ. ದೀಪಾವಳಿಯ ಗೋಪೂಜೆಯ ದಿನ ದನಗಳನ್ನು ಮೀಯಿಸಿ, ಹೂ ಮುಡಿಸಿ, ಹಟ್ಟಿಗೆ ದೀಪ ತೋರಿಸುತ್ತಿದ್ದರು. ಉಳಿದ ದಿನಗಳಲ್ಲಿ ಅದು ಶುದ್ಧ ದುಡಿಮೆಯ ಜಾಗ.

ಮಾಡು

ಮೊದಲಿಗೆ ಮಾಡಿಗೆ ಮುಳಿಹುಲ್ಲು, ಅಡಕೆ ಸೋಗೆ. ವರ್ಷವರ್ಷವೂ ಹೊದೆಸಬೇಕು, ಬೆಂಕಿಯ ಭಯ ಬೇರೆ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಹೆಂಚು ಒಳನಾಡಿಗೆ ನಿಧಾನವಾಗಿ ಬಂತು: ಮೊದಲು ದೊಡ್ಡ ಮನೆಗಳಿಗೆ, ಮನೆಯ ಹಳೆ ಹೆಂಚು ಬಿಚ್ಚಿದಾಗ ಹಟ್ಟಿಗೆ. ಹೆಂಚಿನ ಭಾರ ಹೊರಲು ಪಕ್ಕಾಸು ದಪ್ಪವಾಗಬೇಕಾಯಿತು, ಗೋಡೆ ಗಟ್ಟಿಯಾಗಬೇಕಾಯಿತು. ಮಣ್ಣಿನ ಗೋಡೆಯ ಹಟ್ಟಿಗಳು ಕಲ್ಲಿನವಾದದ್ದರಲ್ಲಿ ಹೆಂಚಿನ ಪಾಲೂ ಇದೆ.

ಗುಡ್ಡ

ಸೊಪ್ಪು ಎಲ್ಲಿಂದ ಬರಬೇಕು? ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದಕ್ಕೆ ಕುಮ್ಕಿ ಹಕ್ಕಿತ್ತು. ಕದೀಂ ವರ್ಗದ, ಅಂದರೆ ಹಳೆಯ ಪಟ್ಟಾ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ಗುಡ್ಡದಲ್ಲಿ ಆ ಜಮೀನಿನ ವರ್ಗದಾರ ದನ ಮೇಯಿಸಬಹುದು, ಸೊಪ್ಪು ಸೌದೆ ತರಬಹುದು. ಗುಡ್ಡ ಸರಕಾರದ್ದು, ಹಕ್ಕು ವರ್ಗದಾರನದು, ಹೊರೆ ಹೊತ್ತವರು ಮಾತ್ರ ಬೇರೆ. ಸೊಪ್ಪು ಕಡಿದ ಹೆಂಗಸರು, ಗೊಬ್ಬರ ಹೊತ್ತ ಆಳುಗಳು, ಕಲ್ಲು ಕಡಿದವರು ಮುಳಿಹುಲ್ಲಿನ ಗುಡಿಸಲುಗಳಲ್ಲಿದ್ದರು. ದನಕ್ಕೆ ಕಲ್ಲಿನ ಗೋಡೆ, ಅದನ್ನು ಕಟ್ಟಿದವರಿಗೆ ಮಣ್ಣಿನದು. ಹಟ್ಟಿಯ ಚರಿತ್ರೆ ಬರೆಯುವಾಗ ಈ ಮಾತನ್ನು ಬಿಡುವಂತಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಭೂಸುಧಾರಣೆ 1970ರ ಜನವರಿ 1ರಿಂದ ಬಿಗಿಯಾಗಿ ಜಾರಿಗೆ ಬಂದು ಗೇಣಿ ಪದ್ಧತಿ ಕೊನೆಗೊಂಡಿತು. ಒಡೆಯರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಡಿಕಿಡಪ್ಪುಕಾರರಿಗೆ ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ ಜಾಗ ಪಡೆಯುವ ಹಕ್ಕು ಬಂತು. ಹೊರೆ ಹೊತ್ತವರು ತಮ್ಮದೇ ಮಣ್ಣಿನಲ್ಲಿ ಮನೆ ಕಟ್ಟಿಕೊಂಡರು. ದೊಡ್ಡ ಹಟ್ಟಿಗಳು ಸೊರಗಿದವು, ಒಂದೆರಡು ದನಗಳ ಸಣ್ಣ ಹಟ್ಟಿಗಳು ಹೆಚ್ಚಿದವು.

ಅತ್ತ ಗುಡ್ಡವೂ ಮಾರ್ಪಟ್ಟಿತು. ರಬ್ಬರ್ ಬಂತು, ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಪುಗಳು ಬೆಳೆದವು. ಆ ತೋಪುಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ತೋಪಿನ ಸೀಮೆಯ ಪಡ್ರೆ ಗ್ರಾಮದಲ್ಲಿ ಕೈಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ. ಅದನ್ನು ಮೊದಲು ಬರೆದು ಬೆಳಕಿಗೆ ತಂದವರು ಪತ್ರಕರ್ತ ಶ್ರೀಪಡ್ರೆ. ಮನುಷ್ಯರಿಗಿಂತ ಮೊದಲು ಆಪತ್ತು ಕಾಣಿಸಿಕೊಂಡದ್ದು ಹಟ್ಟಿಯಲ್ಲಿ. ಮುಂದೆ ಬಾಧಿತವೆಂದು ಗುರುತಿಸಿದ 11 ಪಂಚಾಯತುಗಳಲ್ಲಿ ಕಾರಡ್ಕವೂ ಸೇರಿತು. ಸುಪ್ರೀಂ ಕೋರ್ಟು ದೇಶದಾದ್ಯಂತ ಆ ವಿಷವನ್ನು ತಡೆದದ್ದು 2011ರ ಮೇ ತಿಂಗಳಲ್ಲಿ.

ದನ

ಹಟ್ಟಿಯ ತಗ್ಗು ಬಾಗಿಲು, ಇಕ್ಕಟ್ಟಿನ ಗೋದಲಿ ಎಲ್ಲವೂ ಮೂರಡಿ ಆಸುಪಾಸಿನ ಎತ್ತರದ ಕಾಸರಗೋಡು ಗಿಡ್ಡ ತಳಿಯ ಅಳತೆ. ಗುಡ್ಡ ಹತ್ತಿ ಮೇಯುವ, ಮಳೆಗೆ ಅಂಜದ, ಅಲ್ಪ ಮೇವಿನಲ್ಲಿ ಬದುಕುವ ದನ ಅದು. ಹಾಲು ಹೆಚ್ಚಿಸುವ ಉದ್ದೇಶದಿಂದ ಕೇರಳ 1961ರಲ್ಲಿ ಜಾನುವಾರು ಸುಧಾರಣಾ ಕಾಯ್ದೆ ತಂದಿತು. ಪರವಾನಗಿಯಿಲ್ಲದ ಹೋರಿಗಳ ಬೀಜ ಒಡೆಸಬೇಕಾಯಿತು, ನಾಡತಳಿಗಳು ಕ್ಷೀಣಿಸಿದವು. ಮಿಶ್ರತಳಿಯ ದೊಡ್ಡ ಹಸು ಹಳೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಗುಂಡಿಯ ಸೊಪ್ಪಿನ ಮೇಲೆ ನಿಂತರೆ ಅದರ ಗೊರಸು, ಕೆಚ್ಚಲು ಹಾಳಾಗುತ್ತಿದ್ದವು. ಗುಂಡಿ ಮುಚ್ಚಿ ಸಿಮೆಂಟು ಹಾಕಿದರು, ಸೆಗಣಿ ಗೋಬರ್ ಗ್ಯಾಸಿಗೆ ಹೋಯಿತು, ಮಾಡಿಗೆ ಶೀಟು ಬಂತು. ಹಾಲು ಹೆಚ್ಚಿತು, ಡೇರಿಯ ದುಡ್ಡು ಮನೆಗೆ ಬಂತು, ಅನೇಕ ಸಣ್ಣ ಸಂಸಾರಗಳು ಅದರಿಂದ ಸುಧಾರಿಸಿದವು. ಅದೇ ಹೊತ್ತಿಗೆ ಸೊಪ್ಪಿನ ಹಟ್ಟಿಯ ಹುದ್ದೆ ರದ್ದಾಯಿತು. ಇಂದು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಕುರಿಗೊಬ್ಬರಕ್ಕೆ ದುಡ್ಡು ಎಣಿಸುವಾಗ ಆ ಹುದ್ದೆಯ ಬೆಲೆ ತಿಳಿಯುತ್ತದೆ.

ಮುಂದೆ

ಉಳಿದ ಹಳೆಯ ಹಟ್ಟಿಗಳು ಇಂದು ಸೌದೆ ಕೊಟ್ಟಿಗೆ, ಅಡಕೆ ಗೋಣಿಯ ಕೋಣೆ, ಜೀಪಿನ ಶೆಡ್ಡು. ಎಲ್ಲವನ್ನೂ ಉಳಿಸಿಕೊಳ್ಳಿ ಎನ್ನುವುದು ಸುಲಭ. ಸೋರುವ ಮಾಡು ರಿಪೇರಿ ಮಾಡಿಸುವವರಿಗೆ ಅದರ ಕಷ್ಟ ಗೊತ್ತು. ಆದರೆ ಕೆಡವುವ ಮೊದಲು ಟೇಪು ಹಿಡಿದು ಅಳೆಯಬಹುದು. ಗುಂಡಿಯ ಆಳ, ಬಾಗಿಲ ಎತ್ತರ, ಗಾಳಿಕಿಂಡಿಯ ದಿಕ್ಕು, ಮರದ ಜಾತಿ, ಕಲ್ಲು ಕಡಿದ ಪಾದೆ ಎಲ್ಲಿಯದು ಎಂಬುದನ್ನು ಒಂದು ಹಾಳೆಯಲ್ಲಿ ಗುರುತು ಹಾಕಬಹುದು. ಕಟ್ಟಿದವರ, ಸೊಪ್ಪು ಹೊತ್ತವರ ಹೆಸರುಗಳನ್ನು ಅವರ ಮಕ್ಕಳಿಂದ ಕೇಳಿ ಬರೆದಿಡಬಹುದು. ಪಂಚಾಯತಿನ ಪ್ರತಿ ವಾರ್ಡಿನಿಂದ ಇಂಥ ಒಂದೊಂದು ನಕ್ಷೆ ಬಂದರೂ ಸಾಕು, ಸಾವಯವ ಕೃಷಿಗೆ ಇಳಿಯುವ ಹೊಸಬರಿಗೆ ಅದು ಪಾಠವಾದೀತು. ನಾಲ್ಕು ಗಿಡ್ಡ ದನ, ಒಂದು ಗುಂಡಿ, ತಾನೇ ಬೆಳೆಸಿದ ಸೊಪ್ಪಿನ ಬೇಲಿ ಇಷ್ಟಿದ್ದವರಿಗೆ ಆ ನಕ್ಷೆ ಇಂದಿಗೂ ಕೆಲಸಕ್ಕೆ ಬರುವಂಥದು.